ಮಳೆ ಪುಸ್ತಕದ ಆರು ದಿನ

ನಮ್ಮೂರಲ್ಲಿ ಫಂಕ್ಷನ್ ಅಂದರೆ ಊಟ. ಮದುವೆ ಇರಲಿ, ಗೃಹಪ್ರವೇಶ ಇರಲಿ, ಸೀಮಂತ ಇರಲಿ, "ನಾಳೆ ಒಂದು ಫಂಕ್ಷನ್ ಇದೆ ಮಾರಾಯ" ಎಂದರೆ ಮಧ್ಯಾಹ್ನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ಅರ್ಥ. ರೇಂಜ್ ಅಂದರೆ ಕಾಡು. ಅರಣ್ಯ ಇಲಾಖೆಯ ರೇಂಜರು ಬಂದರಂತೆ ಎಂದರೆ ಊರಿನ ಅರ್ಧ ಜನ ತಮ್ಮ ಕೊಟ್ಟಿಗೆಯ ಹಿಂದೆ ಏನೇನು ನಾಟಾ ಬಿದ್ದಿದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದರು. ಮೊಬೈಲ್ ಬಂದ ಮೇಲೆ ರೇಂಜ್ ಎನ್ನುವುದು ಗುಡ್ಡ ಹತ್ತಿದರೆ ಸಿಗುವ, ಇಳಿದರೆ ಹೋಗುವ ವಸ್ತುವೂ ಆಯಿತು. ಡೊಮೇನ್ ಎಂಬ ಶಬ್ದವನ್ನು ಮಾತ್ರ ನಾನು ಕೇಳಿರಲೇ ಇಲ್ಲ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ 2013ರಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ ನನಗೆ, ಗಣಿತದ ಎರಡನೆಯ ಪಾಠದಲ್ಲೇ ಈ ಮೂರೂ ಶಬ್ದಗಳು ಒಟ್ಟಿಗೆ ಎದುರಾದವು. ಸಮೀಕರಣವೊಂದನ್ನು ಕೊಟ್ಟು, ಇದರ ನಕ್ಷೆ ಬಿಡಿಸಿ, ಡೊಮೇನ್ ಮತ್ತು ರೇಂಜ್ ತಿಳಿಸಿ, ಇದು ಫಂಕ್ಷನ್ ಹೌದೋ ಅಲ್ಲವೋ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳುವ ಲೆಕ್ಕಗಳು. ನಕ್ಷೆ ಬಿಡಿಸುವುದು ನನಗೆ ಬರುತ್ತಿತ್ತು. ಮುಂದಿನ ಮೂರು ಮಾತು ಬರುತ್ತಿರಲಿಲ್ಲ. ಅವು ಅರ್ಥವಾದದ್ದು ಹೇಗೆ ಎಂದು ಹೇಳಬೇಕಾದರೆ ಮೊದಲು ನಮ್ಮ ಅಪ್ಪಯ್ಯನ ಮಳೆ ಪುಸ್ತಕದ ಬಗ್ಗೆ ಹೇಳಬೇಕು. ಆ ಪುಸ್ತಕದಲ್ಲಿ ನಾನು ಮಾಡಿದ ಒಂದು ಕೆಲಸದ ಬಗ್ಗೆಯೂ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಎರಡು ಮೈಲಿ ಒಳಗೆ. ಅಲ್ಲಿ ಮಳೆ ಎಂದರೆ ಹವಾಮಾನವಲ್ಲ, ಅದು ಮನೆಯಲ್ಲಿ ಇರುವ ಇನ್ನೊಬ್ಬ ಮನುಷ್ಯ. ಆರಿದ್ರೆ ಹೇಗೆ ಹೊಡೆಯಿತು, ಪುನರ್ವಸು ಹಿಡಿಯಿತೋ ಇಲ್ಲವೋ, ಆಶ್ಲೇಷದಲ್ಲಾದರೂ ಸ್ವಲ್ಪ ಹೊಳವು ಕೊಟ್ಟೀತೋ ಎಂದು ಜಗಲಿಯ ಮೇಲೆ ಕುಳಿತವರೆಲ್ಲ ಅದರ ಗುಣಗಾನ ಮಾಡುವವರೇ. ಅಡಿಕೆ ತೋಟದವರಿಗೆ ಈ ಮಾತು ಬರೀ ಹರಟೆಯಲ್ಲ. ಮಳೆ ಬಿಡದೆ ಹಿಡಿದರೆ ಎಳೆಗಾಯಿಗೆ ಕೊಳೆರೋಗ ಬರುತ್ತದೆ. ಅದಕ್ಕೆ ಮೈಲುತುತ್ತ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆ ಕೂರುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಗೊನೆಗೆ ಹೊಡೆಯಬೇಕು. ಆ ಎರಡನೆಯ ಸಲಕ್ಕೆ ಮಳೆ ಎರಡು ದಿನವಾದರೂ ಬಿಟ್ಟುಕೊಡಬೇಕು. ಯಾವಾಗ ಬಿಟ್ಟುಕೊಡುತ್ತದೆ ಎಂದು ತಿಳಿಯಲು ಅಪ್ಪಯ್ಯ ಹಳೆಯ ವರ್ಷಗಳನ್ನು ತಿರುವಿ ಹಾಕುತ್ತಿದ್ದರು.

ಅದಕ್ಕೇ 1996ರಿಂದ ಅವರು ದಿನವೂ ಮಳೆ ಅಳೆದು ಬರೆಯುತ್ತ ಬಂದಿದ್ದಾರೆ. ಮನೆಯ ಮುಂದಿನ ಬಯಲಿನಲ್ಲಿ, ಮರದ ನೆರಳು ಬೀಳದ ಕಡೆ ಒಂದು ಮಳೆಮಾಪಕ ನೆಟ್ಟಿದ್ದಾರೆ. ಮೇಲೆ ಆಲಿಕೆ, ಒಳಗೆ ಬಾಟ್ಲಿ, ಹೊರಗೆ ಡಬ್ಬಿ. ಬಾಟ್ಲಿ ತುಂಬಿ ಚೆಲ್ಲಿದ ನೀರು ಡಬ್ಬಿಯಲ್ಲಿ ನಿಲ್ಲುತ್ತದೆ, ಅದನ್ನೂ ಅಳೆಯಬೇಕು. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಹೋಗಿ ನೀರನ್ನು ಗೀಟು ಹಾಕಿದ ಗಾಜಿನ ಅಳತೆಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಬೇಕು. ಎಂಟೂವರೆ ಯಾಕೆ ಎಂದರೆ ಹವಾಮಾನ ಇಲಾಖೆಯವರ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ರೇಡಿಯೋದಲ್ಲಿ ಹೇಳುವ ಆಗುಂಬೆಯ ಮಳೆಯ ಜೊತೆ ನಮ್ಮದನ್ನು ಹೋಲಿಸಿ ನೋಡುವ ಚಟ ಅವರಿಗೆ. ಊರವರೆಲ್ಲ ಇಂಚಿನ ಲೆಕ್ಕದಲ್ಲಿ ಮಾತಾಡಿದರೂ ಅಪ್ಪಯ್ಯನದು ಮಿಲಿಮೀಟರ್. 47.6, 112.2, 8.4 ಎಂದು ಉದ್ದ ಪುಸ್ತಕದಲ್ಲಿ ದಿನಾಂಕದ ಎದುರು ಶಾಯಿಯಲ್ಲಿ ಬರೆಯುತ್ತಿದ್ದರು. ಮಳೆ ಬಾರದ ದಿನ ಸೊನ್ನೆ. ಮದುವೆಗೋ ತಿಥಿಗೋ ಹೋಗಿ ಅಳೆಯಲು ಆಗದ ದಿನ ಒಂದು ಸಣ್ಣ ಅಡ್ಡ ಗೀಟು. ಬೇಸಿಗೆಯ ಪುಟಗಳಲ್ಲಿ ಸೊನ್ನೆಗಳು ಇರುವೆ ಸಾಲಿನ ಹಾಗೆ ಇಳಿದುಕೊಂಡು ಹೋಗುತ್ತಿದ್ದವು. ನಡುವೆ ಎಲ್ಲೋ ಒಂದು ಗೀಟು. ಸೊನ್ನೆಗೂ ಗೀಟಿಗೂ ಏನು ವ್ಯತ್ಯಾಸ ಎಂದು ನಾನು ಸಣ್ಣವನಿದ್ದಾಗ ಕೇಳಿದ್ದೆ. "ಸೊನ್ನೆ ಅಂದ್ರೆ ನೋಡಿದೀನಿ, ಇಲ್ಲ. ಗೀಟು ಅಂದ್ರೆ ನೋಡಿಲ್ಲ" ಎಂದಿದ್ದರು.

2011ರ ಜುಲೈ. ನಾನು ಒಂಬತ್ತನೆಯ ತರಗತಿ. ಪುನರ್ವಸು ಮಳೆ ಹಗಲು ರಾತ್ರಿ ಒಂದು ಮಾಡಿ ಹೊಡೆಯುತ್ತಿತ್ತು. ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಬೇಕಾಗಿ ಬಂದು ಅಪ್ಪಯ್ಯ ಅವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಒಂಬತ್ತು ದಿನ ಮನೆಯಲ್ಲಿ ನಾನು ಮತ್ತು ಅಜ್ಜಿ. ಹೋಗುವಾಗ ಅಪ್ಪಯ್ಯ ಮೂರು ಮಾತು ಹೇಳಿದ್ದರು: ಅಜ್ಜಿಯನ್ನು ನೋಡ್ಕೋ, ದನಕ್ಕೆ ಹುಲ್ಲು ಹಾಕು, ಮಳೆ ಬರಿ.

ಮೊದಲ ಮೂರು ದಿನ ಬರೆದೆ. ನಾಲ್ಕನೆಯ ದಿನ ಆಪರೇಷನ್. ರಾತ್ರಿಯೆಲ್ಲ ಅಜ್ಜಿ ದೇವರ ಮುಂದೆ ಕುಳಿತಿದ್ದಳು. ಬೆಳಿಗ್ಗೆ ಎದ್ದಾಗ ಎಂಟೂವರೆ ಆಗಿತ್ತೋ ದಾಟಿತ್ತೋ, ನಾನು ಬಯಲಿಗೆ ಹೋಗಲಿಲ್ಲ. ಗುಡ್ಡ ಹತ್ತಿ, ರೇಂಜ್ ಸಿಗುವ ಬಂಡೆಯ ಮೇಲೆ ಕೊಡೆ ಹಿಡಿದು ಫೋನಿಗೆ ಕಾಯುತ್ತ ನಿಂತಿದ್ದೆ. ಕಾಲಿಗೆಲ್ಲ ಉಂಬಳ. ಮಧ್ಯಾಹ್ನದ ಮೇಲೆ ಫೋನ್ ಬಂತು, ಎಲ್ಲ ಸರಿಯಾಗಿದೆ ಎಂದರು. ಐದನೆಯ ದಿನ ಬೆಳಿಗ್ಗೆ ಮಳೆಮಾಪಕ ತೆಗೆದರೆ ಎರಡು ದಿನದ ನೀರು ಒಟ್ಟಿಗೆ ಇತ್ತು. ಅಳೆದೆ, 118 ಚಿಲ್ಲರೆ. ಎರಡು ದಿನಕ್ಕೆ ಒಟ್ಟು ಎಷ್ಟು ಎಂದು ಗೊತ್ತಾಯಿತು, ಯಾವ ದಿನ ಎಷ್ಟು ಎಂದು ಗೊತ್ತಾಗಲಿಲ್ಲ. ಒಂದು ಗೀಟು ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಅಪ್ಪಯ್ಯ ಹೇಳಿದ ಮೂರು ಕೆಲಸದಲ್ಲಿ ಒಂದನ್ನು ಮಾಡಲಿಲ್ಲ ಎಂದು ಆ ಗೀಟು ಹೇಳುತ್ತದಲ್ಲ? ಚಿಲ್ಲರೆ ಬಿಟ್ಟು 60 ಮತ್ತು 58 ಎಂದು ಹಂಚಿ ಬರೆದೆ.

ಅದು ಅರ್ಧ ಸುಳ್ಳು. ಒಂದು ಸಲ ಅರ್ಧ ಸುಳ್ಳು ಬರೆದ ಮೇಲೆ ಪೂರ್ತಿ ಬರೆಯುವುದು ಕಷ್ಟವಾಗಲಿಲ್ಲ. ಆರು, ಏಳು, ಎಂಟು, ಒಂಬತ್ತನೆಯ ದಿನ ನಾನು ಬಯಲಿನ ಕಡೆ ಹೋಗಲೇ ಇಲ್ಲ. ಜಗಲಿಯ ಮೇಲೆ ನಿಂತು ಮಳೆಯ ಸದ್ದು ಕೇಳಿ 72, 45, 91, 64 ಎಂದು ಬರೆದೆ. ಅವರು ಬರುವ ದಿನ ಮಧ್ಯಾಹ್ನ ಹೋಗಿ, ಡಬ್ಬಿಯಲ್ಲಿ ತುಂಬಿ ನಿಂತಿದ್ದ ನೀರನ್ನು ಚೆಲ್ಲಿ ಬಂದೆ. ಸಂಜೆ ಅಮ್ಮನನ್ನು ಮೆಲ್ಲಗೆ ಇಳಿಸಿ ಮಲಗಿಸಿದ ಮೇಲೆ ಅಪ್ಪಯ್ಯ ಪುಸ್ತಕ ತೆಗೆದು ಚಿಮಣಿಯ ಬೆಳಕಿನಲ್ಲಿ ನೋಡಿದರು. ಕರೆಂಟು ಹೋಗಿ ನಾಲ್ಕು ದಿನವಾಗಿತ್ತು. "ಆತು" ಎಂದು ಮುಚ್ಚಿಟ್ಟರು. ಆ ವರ್ಷ ನಮ್ಮ ಕೆಳಗಿನ ತೋಟಕ್ಕೆ ಕೊಳೆ ಬಂತು. ಉದುರಿದ ಕಾಯಿಗಳನ್ನು ಹೆಕ್ಕಿ ಬುಟ್ಟಿಗೆ ಹಾಕುವಾಗಲೆಲ್ಲ ನನಗೆ ಆ ಆರು ಸಂಖ್ಯೆಗಳೇ ನೆನಪಾಗುತ್ತಿದ್ದವು.

ಇನ್ನು ಪಿಯುಸಿಗೆ ಬರುತ್ತೇನೆ. ನಮಗೆ ಗಣಿತ ಹೇಳುತ್ತಿದ್ದ ಲೆಕ್ಚರರು ಕನ್ನಡ ಮಾಧ್ಯಮದಿಂದ ಬಂದ ಹುಡುಗರನ್ನು ಹಿಂದಿನ ಬೆಂಚಿನಿಂದ ಎಬ್ಬಿಸಿ ಮುಂದೆ ಕೂರಿಸಿಕೊಳ್ಳುತ್ತಿದ್ದರು. ಮೊದಲ ದಿನ ಬೋರ್ಡಿನ ಮೇಲೆ ಎಕ್ಸ್² + ವೈ² = 25 ಎಂದು ಬರೆದು, ಇದರ ನಕ್ಷೆ ಬಿಡಿಸಿ ಎಂದರು. ನಾವು ಹೈಸ್ಕೂಲಿನಲ್ಲಿ ಕಲಿತ ಹಾಗೆ ಕೋಷ್ಟಕ ಮಾಡಿದೆವು. ಎಕ್ಸ್ ಸೊನ್ನೆ ಆದರೆ ವೈ² 25, ಅಂದರೆ ವೈ 5 ಅಥವಾ -5. ಎಕ್ಸ್ 3 ಆದರೆ ವೈ 4 ಅಥವಾ -4. ಎಕ್ಸ್ 4 ಆದರೆ 3 ಅಥವಾ -3. ಎಕ್ಸ್ 5 ಆದರೆ ಸೊನ್ನೆ ಒಂದೇ. ಎಡಗಡೆಗೂ ಹೀಗೇ. ಗ್ರಾಫ್ ಹಾಳೆಯ ಮೇಲೆ ಹನ್ನೆರಡು ಚುಕ್ಕಿ ಬಿದ್ದವು. ನುಣ್ಣಗೆ ಜೋಡಿಸಿದರೆ ಮೂಲಬಿಂದುವಿನ ಸುತ್ತ ಒಂದು ವೃತ್ತ.

"ಆರು ಹಾಕಿ ನೋಡಿ" ಎಂದರು ಸರ್. ಎಕ್ಸ್ 6 ಆದರೆ ವೈ² -11 ಆಗಬೇಕು. ಯಾವ ವಾಸ್ತವ ಸಂಖ್ಯೆಯ ವರ್ಗವೂ ಋಣ ಆಗುವುದಿಲ್ಲ. "ಅಂದ್ರೆ ಈ ಸಮೀಕರಣವನ್ನ ಆರರ ಬಗ್ಗೆ ಕೇಳೋ ಹಾಗೇ ಇಲ್ಲ. ಯಾವ ಯಾವ ಎಕ್ಸ್ ಬಗ್ಗೆ ಕೇಳಬಹುದೋ ಅಷ್ಟೂ ಸೇರಿ ಡೊಮೇನ್. ಕೇಳಿದಾಗ ಯಾವ ಯಾವ ವೈ ಉತ್ತರವಾಗಿ ಬರುತ್ತೋ ಅಷ್ಟೂ ಸೇರಿ ರೇಂಜ್."

ಅದನ್ನು ನಕ್ಷೆಯಲ್ಲೇ ನೋಡುವ ಉಪಾಯವನ್ನೂ ಹೇಳಿಕೊಟ್ಟರು. ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದಾಗ ನಕ್ಷೆಯ ನೆರಳು ಎಕ್ಸ್ ಅಕ್ಷದ ಮೇಲೆ ಎಲ್ಲಿಂದ ಎಲ್ಲಿಯವರೆಗೆ ಬೀಳುತ್ತದೆ? ಅಕ್ಷದ ಕೆಳಗಿರುವ ಭಾಗಕ್ಕೆ ಕೆಳಗಿನಿಂದಲೂ ಒಂದು ದೀಪ ಹಿಡಿದುಕೊಳ್ಳಿ. ಆ ನೆರಳೇ ಡೊಮೇನ್. ಹಾಗೆಯೇ ಎಡಬಲದಿಂದ ಬೆಳಕು ಬಿಟ್ಟರೆ ವೈ ಅಕ್ಷದ ಮೇಲೆ ಬೀಳುವ ನೆರಳು ರೇಂಜ್. ನಮ್ಮ ವೃತ್ತಕ್ಕೆ ಎರಡೂ ನೆರಳು -5ರಿಂದ 5ರವರೆಗೆ. ಶಬ್ದ ಇಂಗ್ಲಿಷಿನದ್ದಾದರೂ ನೆರಳು ನಮ್ಮ ಅಂಗಳದ್ದೇ. ಡೊಮೇನ್ ಬಗ್ಗೆ ಇದ್ದ ಹೆದರಿಕೆ ಅವತ್ತು ಅರ್ಧ ಹೋಯಿತು.

ಮೂರನೆಯ ಪ್ರಶ್ನೆ ಇತ್ತಲ್ಲ, ಇದು ಫಂಕ್ಷನ್ ಹೌದೋ ಅಲ್ಲವೋ ಎಂದು. ಅದಕ್ಕೆ ಸರ್ ಅಡಿಪಟ್ಟಿಯನ್ನು ಬೋರ್ಡಿನ ಮೇಲೆ ನೆಟ್ಟಗೆ ನಿಲ್ಲಿಸಿ ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸಿದರು. ಮೂರರ ಹತ್ತಿರ ಬಂದಾಗ ಅದು ವೃತ್ತವನ್ನು ಎರಡು ಕಡೆ ಮುಟ್ಟಿತು, ಮೇಲೆ 4ರಲ್ಲಿ, ಕೆಳಗೆ -4ರಲ್ಲಿ. "ಒಂದೇ ಪ್ರಶ್ನೆಗೆ ಎರಡು ಉತ್ತರ. ಇದು ಫಂಕ್ಷನ್ ಅಲ್ಲ." ಪಕ್ಕದಲ್ಲಿ ವೈ = ಎಕ್ಸ್² ಎಂಬ ಪರವಲಯ ಬಿಡಿಸಿದರು. ಬಟ್ಟಲಿನಂಥ ಅದರ ಮೇಲೆ ಅಡಿಪಟ್ಟಿ ಎಲ್ಲಿಟ್ಟರೂ ಒಂದೇ ಕಡೆ ಮುಟ್ಟಿತು. ಆದರೆ 3ಕ್ಕೂ 9, -3ಕ್ಕೂ 9 ಬರುತ್ತದಲ್ಲ ಎಂದು ಯಾರೋ ಕೇಳಿದರು. "ಇಬ್ಬರು ಹುಡುಗರಿಗೆ ಒಂದೇ ಮಾರ್ಕ್ಸ್ ಬಂದ್ರೆ ತಪ್ಪಲ್ಲ. ಒಬ್ಬನೇ ಹುಡುಗನಿಗೆ ಒಂದೇ ಪೇಪರಲ್ಲಿ ಎರಡು ಮಾರ್ಕ್ಸ್ ಬಂದ್ರೆ ಎಲ್ಲೋ ಏನೋ ತಪ್ಪಾಗಿದೆ" ಎಂದರು. ತರಗತಿ ನಕ್ಕಿತು. ನನಗೆ ಇಂದಿಗೂ ಫಂಕ್ಷನ್ ಎಂದರೆ ಈ ಮಾತೇ.

ಮೊದಲ ಕಿರುಪರೀಕ್ಷೆಯಲ್ಲಿ ಬಂದದ್ದು ವೈ = √(ಎಕ್ಸ್ - 3). ನಾನು ಧೈರ್ಯವಾಗಿ ಕೋಷ್ಟಕ ಮಾಡಿದೆ. 3 ಹಾಕಿದರೆ 0, 4 ಹಾಕಿದರೆ 1, 7 ಹಾಕಿದರೆ 2, 12 ಹಾಕಿದರೆ 3. ಚುಕ್ಕಿಗಳು ಬಲಕ್ಕೆ ಹೋದಂತೆ ನಿಧಾನವಾಗಿ ಏರುವ ದಾರಿಯ ಹಾಗೆ ಬಂದವು. ಮೂರಕ್ಕಿಂತ ಕಡಿಮೆ ಹಾಕಿದರೆ ಮೂಲಚಿಹ್ನೆಯ ಒಳಗೆ ಋಣಸಂಖ್ಯೆ ಬಂದು ಉತ್ತರ ಸಿಗಲಿಲ್ಲ. ಉತ್ತರ ಇಲ್ಲ ಎಂದರೆ ಸೊನ್ನೆ ತಾನೆ? ಎಡಗಡೆಯ ಎಲ್ಲ ಎಕ್ಸ್‌ಗಳ ಎದುರೂ ಸೊನ್ನೆ ಬರೆದೆ. ಹಾಳೆಯ ಎಡತುದಿಯಿಂದ 3ರವರೆಗೆ ಎಕ್ಸ್ ಅಕ್ಷದ ಮೇಲೇ ದಪ್ಪಗೆ ಗೆರೆ ಎಳೆದು ವಕ್ರರೇಖೆಗೆ ಸೇರಿಸಿದೆ. ಡೊಮೇನ್ ಎಲ್ಲ ವಾಸ್ತವ ಸಂಖ್ಯೆಗಳು ಎಂದೆ. ರೇಂಜ್ ಸೊನ್ನೆ ಮತ್ತು ಅದಕ್ಕಿಂತ ಮೇಲಿನದು, ಫಂಕ್ಷನ್ ಹೌದು ಎಂದೂ ಬರೆದೆ. ಕೊನೆಯ ಎರಡು ಸರಿ. ಐದಕ್ಕೆ ಎರಡು ಅಂಕ ಬಂತು. ನಾನು ಎಳೆದ ಗೆರೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ಸುತ್ತು.

ಸರ್ ಕರೆದು ತೋರಿಸಿದರು. "ಸೊನ್ನೆ ಅನ್ನೋದೂ ಒಂದು ಉತ್ತರ. ಮೂರಕ್ಕೆ ಸೊನ್ನೆ ಅಂತ ಈ ಸಮೀಕರಣ ಹೇಳ್ತಿದೆ, ಅದು ಸರಿ. ಎರಡಕ್ಕೆ ಅದು ಏನೂ ಹೇಳಿಲ್ಲ. ಅದು ಹೇಳದೆ ಇರೋದನ್ನ ನೀನು ಹೇಳಿಬಿಟ್ಟಿದೀಯ. ಇಲ್ಲದ ಕಡೆ ಗೆರೆ ಎಳೀಬೇಡ."

ಸೊನ್ನೆ ಅಂದ್ರೆ ನೋಡಿದೀನಿ, ಇಲ್ಲ. ಗೀಟು ಅಂದ್ರೆ ನೋಡಿಲ್ಲ. ಅಪ್ಪಯ್ಯ ಹೇಳಿದ್ದು ಇದನ್ನೇ ಅಲ್ಲವೆ? ಗೀಟು ಹಾಕಿದ ದಿನ ಅವರ ಪುಸ್ತಕದ ಡೊಮೇನಿನಲ್ಲಿ ಇಲ್ಲ. ಸೊನ್ನೆ ಹಾಕಿದ ದಿನ ಇದೆ, ಆ ಸೊನ್ನೆ ರೇಂಜಿನಲ್ಲಿಯೂ ಇದೆ. ಉತ್ತರಪತ್ರಿಕೆ ಕೈಯಲ್ಲಿ ಹಿಡಿದುಕೊಂಡು ನಿಂತಲ್ಲೇ ಕಿವಿ ಬಿಸಿಯಾಯಿತು. ಪಾಪ, ಸರ್‌ಗೆ ನಾನು ಮೂರು ಅಂಕಕ್ಕೆ ಬೇಜಾರು ಮಾಡಿಕೊಂಡೆ ಎಂದೇ ಅನಿಸಿರಬೇಕು.

ಕೆಲವು ದಿನ ಬಿಟ್ಟು ಸ್ಟಾಫ್ ರೂಮಿಗೆ ಹೋಗಿ ಕೇಳಿದೆ. "ಸರ್, ದಿನಾ ಬೀಳೋ ಮಳೆ ಫಂಕ್ಷನ್ನಾ? ಅದಕ್ಕೆ ಸಮೀಕರಣ ಇಲ್ಲವಲ್ಲ." ಅವರು ಪೆನ್ನು ಕೆಳಗಿಟ್ಟರು. ಈ ಪ್ರಶ್ನೆಗೆ ಉತ್ತರ ಕೊಡಲು ಗಣಿತಜ್ಞರಿಗೇ ಬಹಳ ಕಾಲ ಹಿಡಿಯಿತು ಎಂದರು. ಅವರು ಅವತ್ತು ಹೇಳಿದ್ದನ್ನು, ಆಮೇಲೆ ನಾನು ಓದಿಕೊಂಡದ್ದನ್ನು ಸೇರಿಸಿ ಹೇಳುವುದಾದರೆ ಕಥೆ ಹೀಗಿದೆ.

ಸಮೀಕರಣವನ್ನು ಚಿತ್ರವಾಗಿ, ಚಿತ್ರವನ್ನು ಸಮೀಕರಣವಾಗಿ ನೋಡುವ ದಾರಿಯನ್ನು ಫ್ರಾನ್ಸಿನ ದೆಕಾರ್ತ್ 1637ರಲ್ಲಿ ಪ್ರಕಟಿಸಿದ. ಫಂಕ್ಷನ್ ಎಂಬ ಶಬ್ದವನ್ನು ಗಣಿತಕ್ಕೆ ತಂದವನು ಅದೇ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಲೈಬ್ನಿಜ್. ಎಫ್ ಬರೆದು ಬ್ರ್ಯಾಕೆಟ್ಟಿನಲ್ಲಿ ಎಕ್ಸ್ ಹಾಕುವ ರೂಢಿ ಆಯ್ಲರ್‌ನದು. ಆದರೆ 1748ರ ತನ್ನ ಪುಸ್ತಕದಲ್ಲಿ ಆಯ್ಲರ್ ಫಂಕ್ಷನ್ ಎಂದರೆ ಚರಾಕ್ಷರ ಮತ್ತು ಸಂಖ್ಯೆಗಳಿಂದ ಕಟ್ಟಿದ ಸೂತ್ರ ಎಂದೇ ಹೇಳಿದ್ದ. ಸೂತ್ರ ಇಲ್ಲದಿದ್ದರೆ ಫಂಕ್ಷನ್ ಇಲ್ಲ. ಆ ಲೆಕ್ಕದಲ್ಲಿ ನಮ್ಮ ಅಂಗಳದ ಮಳೆ ಹೊರಗೇ ನಿಲ್ಲಬೇಕು. 1837ರಲ್ಲಿ ಡಿರಿಶ್ಲೆ ಎಂಬ ಗಣಿತಜ್ಞ ಆ ಕಟ್ಟು ಬಿಚ್ಚಿದ. ಪ್ರತಿಯೊಂದು ಎಕ್ಸ್‌ಗೂ ಒಂದೇ ಒಂದು ವೈ ಇದ್ದರೆ ಸಾಕು, ಅದು ಯಾವ ಸೂತ್ರದಿಂದ ಬಂತು, ಸೂತ್ರ ಇದೆಯೋ ಇಲ್ಲವೋ ಎಂದು ಕೇಳಬೇಕಾಗಿಲ್ಲ ಎಂದ. ಅದಕ್ಕೂ ಮೊದಲೇ, 1829ರಲ್ಲಿ ಅವನು ಒಂದು ವಿಚಿತ್ರ ಉದಾಹರಣೆ ಕೊಟ್ಟಿದ್ದ. ಎಕ್ಸ್ ಭಾಗಲಬ್ಧ ಸಂಖ್ಯೆಯಾದರೆ ಒಂದು ಬೆಲೆ, ಅಭಾಗಲಬ್ಧವಾದರೆ ಇನ್ನೊಂದು. ಇಂಥದರ ನಕ್ಷೆಯನ್ನು ಯಾವ ಪೆನ್ಸಿಲ್ಲೂ ಬಿಡಿಸಲಾರದು, ಆದರೂ ಅದು ಫಂಕ್ಷನ್.

"ಹಾಗಾಗಿ ನಿಮ್ಮನೆ ಮಳೆ ಫಂಕ್ಷನ್ನೇ" ಎಂದರು ಸರ್. "ಒಂದು ದಿನಕ್ಕೆ ಒಂದು ಅಳತೆ. ದಿನ ಅಂದ್ರೆ ಬಿಡಿ ಬಿಡಿ ಚುಕ್ಕಿ, ಅದನ್ನ ಗೆರೆಯಲ್ಲಿ ಜೋಡಿಸೋದು ನಮ್ಮ ಕಣ್ಣಿಗೋಸ್ಕರ ಅಷ್ಟೆ. ಒಂದೇ ಕಂಡೀಷನ್, ಅಳೆದಿರಬೇಕು." ನಾನು ಥ್ಯಾಂಕ್ಸ್ ಹೇಳಿ ಬೇಗ ಹೊರಗೆ ಬಂದೆ.

ಎಂಜಿನಿಯರಿಂಗ್ ಆಯಿತು, ಬೆಂಗಳೂರಾಯಿತು. ಇಲ್ಲಿ ಪರಿಚಯವಾದ ಕೂಡಲೇ "ನಿಮ್ಮ ಡೊಮೇನ್ ಯಾವುದು?" ಎಂದು ಕೇಳುತ್ತಾರೆ. ಬ್ಯಾಂಕಿಂಗೋ ಇನ್ಶೂರೆನ್ಸೋ ಹೇಳಬೇಕು. ದಿನವಿಡೀ ಅಂಕಿಅಂಶಗಳ ಜೊತೆ ಕೆಲಸ. ಬಿಟ್ಟುಹೋದ ಸಂಖ್ಯೆಗಳ ಜಾಗದಲ್ಲಿ ಸುಮಾರಾಗಿ ಹೊಂದುವ ಸಂಖ್ಯೆ ತುಂಬುವುದಕ್ಕೂ ನಮ್ಮಲ್ಲಿ ಬೇರೆ ಬೇರೆ ವಿಧಾನಗಳಿವೆ. ತುಂಬಿದ್ದು ಯಾವುದು, ಅಳೆದದ್ದು ಯಾವುದು ಎಂದು ಪಕ್ಕದಲ್ಲಿ ಗುರುತು ಹಾಕಬೇಕು ಎಂಬುದು ಅಲ್ಲಿಯ ಮೊದಲ ಪಾಠ. ನಾನು ಈ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಕಟ್ಟುನಿಟ್ಟು. ಯಾಕೆ ಎಂದು ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ.

2024ರ ಆಷಾಢದಲ್ಲಿ ಊರಿಗೆ ಹೋದಾಗ ಅಪ್ಪಯ್ಯನಿಗೆ ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು. ಹಳೆಯ ಪುಸ್ತಕಗಳ ಶಾಯಿ ಮಂಜಾಗಿದೆ, ಗೆದ್ದಲು ಬೇರೆ ಎಂದು ಗೊಣಗುತ್ತಿದ್ದರು. ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿಕೊಡುತ್ತೇನೆ ಎಂದೆ. ಇಪ್ಪತ್ತೆಂಟು ವರ್ಷ, ಹತ್ತು ಸಾವಿರಕ್ಕೂ ಹೆಚ್ಚು ದಿನ. ಹತ್ತು ದಿನ ರಜೆ ಹಾಕಿ ಜಗಲಿಯ ಮೇಲೆ ಕುಳಿತು ಟೈಪ್ ಮಾಡಿದೆ. ಅಪ್ಪಯ್ಯ ಪಕ್ಕದಲ್ಲಿ ಕವಳ ಹಾಕಿಕೊಂಡು ಕುಳಿತು ಓದಿ ಹೇಳುತ್ತಿದ್ದರು. ಒಂದೊಂದು ವರ್ಷ ಮುಗಿದಾಗಲೂ ಚುಕ್ಕಿ ಚುಕ್ಕಿಯಾಗಿ ನಕ್ಷೆ ತೋರಿಸಿದೆ. ಬೇಸಿಗೆಯೆಲ್ಲ ನೆಲಕ್ಕೆ ಅಂಟಿಕೊಂಡ ಸೊನ್ನೆಗಳು, ಮಿರುಗ ಕೂಡಿದ ಮೇಲೆ ಮೇಲೇಳುವ ಚುಕ್ಕಿಗಳು, ಆಮೇಲೆ ಕಾರ್ತೀಕದ ಹೊತ್ತಿಗೆ ಮತ್ತೆ ನೆಲಕ್ಕೆ. ರೇಂಜ್ ಸೊನ್ನೆಯಿಂದ 281.4ರವರೆಗೆ. "ನೂರು ಬಿದ್ದ ದಿನ ಯಾವುದು ಹೇಳು" ಎಂದು ಕೇಳಿದರು. ಒಂದಲ್ಲ, ಸಾಲುಸಾಲು ದಿನಾಂಕ ಬಂದವು. ದಿನ ಹೇಳಿದರೆ ಮಳೆ ಹೇಳಬಹುದು, ಮಳೆ ಹೇಳಿದರೆ ದಿನ ಹೇಳಲಾಗುವುದಿಲ್ಲ, ಈ ಲೆಕ್ಕ ಹಿಂದಕ್ಕೆ ಓಡುವುದಿಲ್ಲ ಎಂದೆ. "ಯಾವುದು ಓಡತ್ತೆ?" ಎಂದರು.

2011ರ ಪುಸ್ತಕ ತೆರೆದಾಗ ನಾನೇ ಓದಿಕೊಳ್ಳುತ್ತೇನೆ ಎಂದು ಕೈಗೆ ತೆಗೆದುಕೊಂಡೆ. ಜುಲೈ ಪುಟದಲ್ಲಿ ನನ್ನ ಹದಿನಾಲ್ಕರ ಅಕ್ಷರ. ಮೂರು ದಿನದ ಅಳತೆ, ಅದರ ಕೆಳಗೆ 60, 58, 72, 45, 91, 64. ಒಂದೊಂದರ ಪಕ್ಕದಲ್ಲೂ ಪೆನ್ಸಿಲಿನಲ್ಲಿ, ತೀರ ಸಣ್ಣದಾಗಿ, ಇನ್ನೊಂದು ಸಂಖ್ಯೆ. 83.2, 41.6, ಹೀಗೆ ಆರು. ಅಕ್ಷರ ಅಪ್ಪಯ್ಯನದು. ಮತ್ತೆಲ್ಲಿಯೂ, ಇಪ್ಪತ್ತೆಂಟು ವರ್ಷದಲ್ಲಿ ಬೇರೆಲ್ಲಿಯೂ ಒಂದು ದಿನಕ್ಕೆ ಎರಡು ಸಂಖ್ಯೆ ಇರಲಿಲ್ಲ. ಅಡಿಪಟ್ಟಿಯನ್ನು 1996ರಿಂದ ಸರಿಸುತ್ತ ಬಂದರೆ ಆ ಆರು ದಿನಗಳಲ್ಲಿ ಮಾತ್ರ ಅದು ಎರಡು ಕಡೆ ಮುಟ್ಟುತ್ತದೆ.

ನನಗೆ ಬೆರಳು ಓಡಲಿಲ್ಲ. ಅಪ್ಪಯ್ಯ ಹೊರಗೆ ಮಳೆ ನೋಡುತ್ತಿದ್ದರು.

"ಅಪ್ಪಯ್ಯ, ಈ ಪೆನ್ಸಿಲ್ ಲೆಕ್ಕ ಯಾರದ್ದು?"

"ಹೊಳೆಯಾಚೆಯವರದ್ದು. ಅವ್ರೂ ಅಳೀತಿದ್ರಲ್ಲ ಆವಾಗ. ನಾವು ಆಸ್ಪತ್ರೆಯಿಂದ ಬಂದ ಮೇಲೆ ಒಂದಿನ ಹೋಗಿ ಬರ್ಕೊಂಡು ಬಂದೆ."

"ಅಂದ್ರೆ ಗೊತ್ತಿತ್ತಾ?"

"ಗೊತ್ತಾಗ್ದೆ ಎಂತ? ಮೊದಲ ಮೂರು ದಿನಕ್ಕೆ ಪಾಯಿಂಟ್ ಇದೆ, ಆಮೇಲೆ ಆರು ದಿನಕ್ಕೆ ಇಲ್ಲ. ಮಳೆ ಅಷ್ಟು ಚೊಕ್ಕ ಬೀಳೋದಿಲ್ಲ ಮಾರಾಯ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹದಿಮೂರು ವರ್ಷ ಮುಚ್ಚಿಟ್ಟಿದ್ದೇನೆ ಎಂದುಕೊಂಡದ್ದು ಚಿಮಣಿಯ ಬೆಳಕಿನಲ್ಲಿ ಒಂದು ನಿಮಿಷವೂ ನಿಂತಿರಲಿಲ್ಲ. "ಹಾಗಾದ್ರೆ ಯಾಕೆ ಬೈಲಿಲ್ಲ?" ಎಂದೆ.

ಅವರು ಎದ್ದು ಹೋಗಿ ಕವಳ ಉಗಿದು ಬಂದರು. "ಯಾರನ್ನ ಬೈಯೋದು? ನಿನ್ನ ಅಮ್ಮನ್ನ ಒಳಗೆ ಕರ್ಕೊಂಡು ಹೋದ ದಿನ ಶಿವಮೊಗ್ಗದಲ್ಲಿ ಮಳೆಯಿತ್ತಾ ಬಿಸಿಲಿತ್ತಾ ಅಂತ ನನ್ನ ಕೇಳು. ಇವತ್ತಿಗೂ ಗೊತ್ತಿಲ್ಲ. ಮಳೆ ಅಳಿಯೋನೇ ನಾನು. ನಂಗೇ ಗೊತ್ತಿಲ್ಲ. ನೀನು ಹುಡುಗ."

"ಕೆಳಗಿನ ತೋಟಕ್ಕೆ ಕೊಳೆ ಬಂತಲ್ಲ ಆ ವರ್ಷ..."

"ಅದಕ್ಕೂ ಇದಕ್ಕೂ ಎಂತ? ಆ ವರ್ಷ ಎರಡನೇ ಔಷಧಿ ಹೊಡೆಯೋಕೆ ಮರ ಹತ್ತೋರು ಸಿಗ್ಲಿಲ್ಲ. ನಿನ್ನ ಲೆಕ್ಕ ನೋಡ್ಕೊಂಡು ಬಂತಾ ಕೊಳೆ?"

ಎಷ್ಟು ವರ್ಷದಿಂದ ನಾನು ಹೊತ್ತುಕೊಂಡಿದ್ದನ್ನು ಇವರು ಇಷ್ಟು ಸಲೀಸಾಗಿ ಕೆಳಗಿಳಿಸಿಬಿಟ್ಟರು. ಆದರೂ ನನ್ನೊಳಗಿನ ಲೆಕ್ಕದವನು ಸುಮ್ಮನಿರಲಿಲ್ಲ. ಅವರ ಅಳತೆ ಸಿಕ್ಕಿತ್ತಲ್ಲ, ನನ್ನದನ್ನು ಹೊಡೆದು ಹಾಕಿ ಅದನ್ನೇ ಶಾಯಿಯಲ್ಲಿ ಬರೆಯಬಹುದಿತ್ತಲ್ಲ ಎಂದು ಕೇಳಿದೆ.

"ಹೊಳೆಯಾಚೆ ಬಿದ್ದಿದ್ದು ನಮ್ಮ ಬಯಲಲ್ಲಿ ಬಿದ್ದಿದ್ದಾ?" ಎಂದರು. ಮಲೆನಾಡಿನಲ್ಲಿ ಗದ್ದೆಯ ಒಂದು ಬದುವಿಗೆ ಮಳೆ, ಇನ್ನೊಂದಕ್ಕೆ ಬಿಸಿಲು ಇರುವುದನ್ನು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರಿಗೆ ಸರಿಯಾದ ಸಂಖ್ಯೆ ಬೇಕಾಗಿರಲಿಲ್ಲ ಎಂದು ಆಗ ಹೊಳೆಯಿತು. ತಪ್ಪು ಎಷ್ಟು ದೊಡ್ಡದು ಎಂದು ಸುಮ್ಮನೆ ಪಕ್ಕದಲ್ಲಿ ಬರೆದಿಟ್ಟುಕೊಂಡಿದ್ದರು, ಅಷ್ಟೆ. ನನ್ನದನ್ನು ಅಳಿಸಲಿಲ್ಲ. ಅವರದನ್ನು ನಮ್ಮದು ಎನ್ನಲಿಲ್ಲ.

"ಈಗ ಎಂತ ಹಾಕ್ಲಿ?"

"ಗೀಟು ಹಾಕು."

ಆರು ಕೋಶಗಳನ್ನು ಖಾಲಿ ಬಿಟ್ಟೆ. ನಕ್ಷೆ ಬಿಡಿಸಲು ಹೊರಟರೆ ಆ ಸಾಫ್ಟ್‌ವೇರಿನಲ್ಲಿ ಒಂದು ಆಯ್ಕೆ ಇದೆ. ಖಾಲಿ ಕೋಶಗಳನ್ನು ಹೇಗೆ ತೋರಿಸಲಿ ಎಂದು ಅದು ಕೇಳುತ್ತದೆ. ಸೊನ್ನೆ ಎಂದು ತೋರಿಸಲೆ, ಅಕ್ಕಪಕ್ಕದ ಚುಕ್ಕಿಗಳನ್ನು ಗೆರೆ ಎಳೆದು ಜೋಡಿಸಲೆ, ಹಾಗೇ ಬಿಡಲೆ? ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ನೋಡುವ ಪ್ರಶ್ನೆ. ಅವತ್ತು ಮಾತ್ರ ಅದನ್ನು ಮೂರು ಸಲ ಓದಿದೆ. ಮೊದಲನೆಯದನ್ನು ನಾನು ಪಿಯುಸಿಯಲ್ಲಿ ಮಾಡಿ ಮೂರು ಅಂಕ ಕಳೆದುಕೊಂಡಿದ್ದೆ. ಎರಡನೆಯದನ್ನು ಅದಕ್ಕೂ ಮೊದಲೇ ಮಾಡಿದ್ದೆ. ಮೂರನೆಯದನ್ನು ಒತ್ತಿದೆ. 2011ರ ಜುಲೈ ಮಧ್ಯದಲ್ಲಿ ಗೆರೆ ತುಂಡಾಗಿ, ಆರು ದಿನದ ಬಿಳಿ ಜಾಗ ಬಿಟ್ಟು, ಆಮೇಲೆ ಮುಂದುವರಿಯಿತು.

ಒಳಗಿನಿಂದ ಅಮ್ಮ ಕಾಫಿ ತಂದಳು. ಪರದೆ ನೋಡಿ, "ಇದೆಂತ, ಇಲ್ಲಿ ಹರಿದ ಹಾಗಿದೆ?" ಎಂದಳು. "ನೀನು ಆಸ್ಪತ್ರೆಯಲ್ಲಿ ಇದ್ದೆಯಲ್ಲ, ಆವಾಗಿನದು" ಎಂದರು ಅಪ್ಪಯ್ಯ. ಅವಳು ಲೋಟ ಇಟ್ಟು, ಅದನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ನಾನೇ ಬಯಲಿಗೆ ಹೋದೆ. ನೀರನ್ನು ಗಾಜಿನ ಅಳತೆಗೆ ಸುರಿದು, ಮಂಡಿಯೂರಿ, ಕಣ್ಣನ್ನು ಮಟ್ಟಕ್ಕೆ ತಂದೆ. ತುಂಬಿದ್ದನ್ನು ಚೆಲ್ಲಿ ಮತ್ತೆ ಸುರಿದೆ, ಮತ್ತೆ ಚೆಲ್ಲಿದೆ. ಎಲ್ಲ ಕೂಡಿದರೆ 53.8 ಆಯಿತು. ಜಗಲಿಗೆ ಬಂದು ಹೇಳಿದೆ. ಅಪ್ಪಯ್ಯ ಕನ್ನಡಕ ಏರಿಸಿ, "ಪಾಯಿಂಟ್ ಎಂಟಾ? ಸರಿ ನೋಡಿದೆಯಾ?" ಎಂದು ಕೇಳಿ ಬರೆದುಕೊಂಡರು.